ತಾಲ್ಲೂಕಿಗೆ ಬೇಕಾದ ಡಾಕ್ಟರನ್ನು ತಾಲ್ಲೂಕಿನಲ್ಲೇ ತಯಾರು ಮಾಡಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೇ,

ನಮಸ್ಕಾರ. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಅದಕ್ಕೆ ಕಾರಣ ಇದೆ. ನಮ್ಮ ರಾಜ್ಯದಲ್ಲಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ತಾಲ್ಲೂಕು ಆಸ್ಪತ್ರೆ ಎಲ್ಲ ಒಂದು ಇಲಾಖೆಗೆ ಸೇರಿವೆ. ಅಲ್ಲಿ ಕೆಲಸ ಮಾಡಬೇಕಾದ ಡಾಕ್ಟರುಗಳನ್ನು ಓದಿಸುವ ಮೆಡಿಕಲ್ ಕಾಲೇಜುಗಳು ಇನ್ನೊಂದು ಇಲಾಖೆಗೆ. ನಾನು ಹೇಳಬೇಕಾದ ವಿಷಯ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಒಬ್ಬರ ಹತ್ತಿರ ಹೋದರೆ ಅದು ಇನ್ನೊಬ್ಬರ ಕೆಲಸ ಅನ್ನುವ ಉತ್ತರ ಬರುತ್ತದೆ.

ನಾನು ತಾಲ್ಲೂಕು ಮಟ್ಟದಲ್ಲಿ ರೋಗಿಗಳನ್ನು ನೋಡುವ ವೈದ್ಯೆ. ಎಂಬಿಬಿಎಸ್ ಮುಗಿಸಿ ಪಿಎಚ್‌ಸಿಯಲ್ಲಿ ಕೆಲಸ ಮಾಡಿದೆ, ಆಮೇಲೆ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಅನ್ನುವ ಸ್ನಾತಕೋತ್ತರ ಪದವಿ ಓದಿದೆ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ರಾಜ್ಯದ ಪ್ರತಿ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೂ ಫ್ಯಾಮಿಲಿ ಮೆಡಿಸಿನ್ ವಿಭಾಗ ತೆರೆಯಿರಿ. ಆದರೆ ಅದರ ಪಾಠ ಕಾಲೇಜಿನ ದೊಡ್ಡ ಆಸ್ಪತ್ರೆಯ ಒಳಗೇ ಮುಗಿಯುವುದು ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ, ಪಿಎಚ್‌ಸಿಯಲ್ಲಿ, ಕಾಡಂಚಿನ ಬುಡಕಟ್ಟು ಜನರ ಹಾಡಿಗಳಲ್ಲಿ, ಲಂಬಾಣಿಗಳ ತಾಂಡಾಗಳಲ್ಲಿ ನಡೆಯಲಿ. ವಿಭಾಗ ತೆರೆದು ಬೋರ್ಡ್ ಹಾಕುವುದು ಸುಲಭ. ಪಾಠ ಎಲ್ಲಿ ನಡೆಯುತ್ತದೆ, ಯಾರು ಮಾಡುತ್ತಾರೆ ಅನ್ನುವುದೇ ನನ್ನ ಮುಖ್ಯ ಮಾತು.

ಫ್ಯಾಮಿಲಿ ಮೆಡಿಸಿನ್ ಅಂದರೆ ಏನು ಅಂತ ಎಷ್ಟೋ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಓದು ಅದು. ಮಗು, ಬಸುರಿ, ಅಜ್ಜ, ಅಜ್ಜಿ, ಎಲ್ಲರನ್ನೂ ನೋಡುವುದು, ಒಂದೇ ಮನೆಯವರನ್ನು ವರ್ಷಗಟ್ಟಲೆ ನೋಡುವುದು, ಬರುವ ಕಾಯಿಲೆಗಳಲ್ಲಿ ಬಹುಪಾಲನ್ನು ಅಲ್ಲೇ ವಾಸಿ ಮಾಡುವುದು, ಉಳಿದವರನ್ನು ಸರಿಯಾದ ಹೊತ್ತಿಗೆ ಸರಿಯಾದ ಕಡೆ ಕಳಿಸುವುದು, ಕಳಿಸಿ ವಾಪಸ್ ಬಂದ ಮೇಲೆ ಮತ್ತೆ ನೋಡಿಕೊಳ್ಳುವುದು. ಕೇಳಲು ಸರಳ ಅನ್ನಿಸುತ್ತದೆ. ಆದರೆ ಇದಕ್ಕೂ ಕಲಿಕೆ ಬೇಕು. ಬರೀ ಎಂಬಿಬಿಎಸ್ ಓದಿದರೆ ಇದು ತಾನಾಗೇ ಬಂದುಬಿಡುತ್ತದೆ ಅನ್ನುವುದು ನಮ್ಮಲ್ಲಿ ಬೇರೂರಿದ ತಪ್ಪು ತಿಳಿವಳಿಕೆ.

1961ರಲ್ಲಿ ಕೆರ್ ವೈಟ್ ಅನ್ನುವ ವೈದ್ಯರು ತಮ್ಮ ಸಂಗಡಿಗರ ಜೊತೆ ಒಂದು ಲೆಕ್ಕ ಪ್ರಕಟಿಸಿದರು. ಒಂದು ಊರಲ್ಲಿ 1,000 ಜನ ದೊಡ್ಡವರು ಇದ್ದಾರೆ ಅಂತ ಇಟ್ಟುಕೊಂಡರೆ, ಒಂದು ತಿಂಗಳಲ್ಲಿ ಅವರಲ್ಲಿ 750 ಜನಕ್ಕೆ ಏನಾದರೂ ಕಾಯಿಲೆ ಅಥವಾ ಪೆಟ್ಟು ಆಗುತ್ತದೆ. 250 ಜನ ಡಾಕ್ಟರ ಹತ್ತಿರ ಹೋಗುತ್ತಾರೆ. 9 ಜನ ಆಸ್ಪತ್ರೆಗೆ ಸೇರುತ್ತಾರೆ. ಮೆಡಿಕಲ್ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಹೋಗುವವರು ಒಬ್ಬರು. ಇದು ಅಮೆರಿಕ, ಇಂಗ್ಲೆಂಡಿನ ಅಂಕಿಅಂಶದ ಮೇಲೆ ಮಾಡಿದ ಲೆಕ್ಕ. ನಲವತ್ತು ವರ್ಷದ ನಂತರ ಅಮೆರಿಕದಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ. ನಮ್ಮ ಅಂಕಿ ಬೇರೆ ಇರಬಹುದು. ಆದರೆ ನಮ್ಮ ಮೆಡಿಕಲ್ ವಿದ್ಯಾರ್ಥಿಗಳ ಓದೂ ಹೆಚ್ಚುಕಡಿಮೆ ಪೂರ್ತಿ ಆ ಒಬ್ಬ ರೋಗಿಯ ಸುತ್ತಲೇ ನಡೆಯುತ್ತದೆ. ಪಾಸಾಗಿ ಹೊರಗೆ ಬಂದ ಮೇಲೆ ಅವರ ಮುಂದೆ ಕೂರುವುದು ಆ 250 ಜನ.

ಕರ್ನಾಟಕದಲ್ಲಿ ಇವತ್ತು ವರ್ಷಕ್ಕೆ 11,000ಕ್ಕೂ ಜಾಸ್ತಿ ಎಂಬಿಬಿಎಸ್ ಸೀಟುಗಳಿವೆ. ದೇಶದಲ್ಲೇ ಅತಿ ಹೆಚ್ಚು ಸೀಟು ಇರುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಅಷ್ಟು ಮಕ್ಕಳು ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ ಬರುತ್ತಾರೆ. ಅವರು ಅಪರೂಪದ ಹೃದಯದ ಕಾಯಿಲೆಯ ಸದ್ದು ಕೇಳಿ ಗುರುತಿಸಬಲ್ಲರು. ಆದರೆ ಒಂದು ಮನೆಯ ಏಳು ಜನಕ್ಕೆ ಕಜ್ಜಿ ಆಗಿದ್ದರೆ ಏನು ಮಾಡಬೇಕು? ಏಳೂ ಜನಕ್ಕೆ ಒಂದೇ ದಿನ ಔಷಧಿ ಹಚ್ಚಬೇಕು, ಹಾಸಿಗೆ ಬಟ್ಟೆ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಮನೆಯಲ್ಲಿ ನೀರು ವಾರಕ್ಕೆ ಎರಡೇ ಸಲ ಬರುವುದಾದರೆ ಇದನ್ನು ಹೇಗೆ ಮಾಡಿಸುವುದು? ದೊಡ್ಡ ಆಸ್ಪತ್ರೆಯ ಚರ್ಮರೋಗದ ಒಪಿಡಿಗೆ ಒಬ್ಬ ಹುಡುಗ ಬರುತ್ತಾನೆ, ಒಂದು ಟ್ಯೂಬ್ ಬರೆದುಕೊಡುತ್ತಾರೆ, ಹೋಗುತ್ತಾನೆ. ಆ ಮನೆ ಅಲ್ಲಿ ಕಾಣುವುದೇ ಇಲ್ಲ. ಕಾಣದ ಮನೆಯ ಬಗ್ಗೆ ವಿದ್ಯಾರ್ಥಿ ಏನು ಕಲಿತಾನು?

ಇನ್ನು ನಮ್ಮ ರಾಜ್ಯ ಒಂದೇ ತರದ್ದಲ್ಲ. ಪಾವಗಡದ ಕಡೆಯ ಡಾಕ್ಟರಿಗೆ ಬೆನ್ನು, ಮಂಡಿ ಬಿಗಿದುಕೊಂಡು ಬರುವ ರೋಗಿಯನ್ನು ನೋಡಿದ ತಕ್ಷಣ ಅವರು ಕುಡಿಯುವ ಬೋರ್‌ವೆಲ್ ನೀರಿನ ಫ್ಲೋರೈಡ್ ನೆನಪಾಗಬೇಕು. ಸೊರಬ, ಸಾಗರ, ತೀರ್ಥಹಳ್ಳಿ ಕಡೆ ಬೇಸಿಗೆಗೆ ಮುಂಚೆ ಜ್ವರ ಅಂತ ಬಂದರೆ, ಕಾಡಿಗೆ ಸೊಪ್ಪು ತರಲು ಹೋಗಿದ್ದಿರಾ, ಮಂಗ ಸತ್ತಿದ್ದು ಕಂಡಿರಾ, ಉಣುಗು ಕಚ್ಚಿತ್ತಾ ಅಂತ ಕೇಳಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಅದರ ಇಂಗ್ಲಿಷ್ ಹೆಸರಿನಲ್ಲೇ ನಮ್ಮ ಊರಿದೆ. ಆದರೂ ಆ ಪ್ರದೇಶಕ್ಕೆ ಹೊಸದಾಗಿ ಪೋಸ್ಟಿಂಗ್ ಆಗಿ ಬರುವ ಡಾಕ್ಟರು ಅದನ್ನು ಪುಸ್ತಕದ ಒಂದು ಪ್ಯಾರಾದಲ್ಲಿ ಓದಿರುತ್ತಾರೆ ಅಷ್ಟೇ.

ಎಚ್.ಡಿ. ಕೋಟೆ, ಚಾಮರಾಜನಗರದ ಹಾಡಿಗಳಿಗೆ ಹೋಗಿ. ಜೇನು ಕುರುಬರು, ಸೋಲಿಗರು, ಬೆಟ್ಟ ಕುರುಬರು, ಯರವರಲ್ಲಿ ಸಿಕಲ್ ಸೆಲ್ ರಕ್ತದ ಕಾಯಿಲೆ ಇದೆ. ಕೈಕಾಲು ನೋವು ಅಂತ ಮತ್ತೆ ಮತ್ತೆ ಅಳುವ ಮಗುವಿಗೆ ನೋವಿನ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು. ಒಂದು ಸರಳ ರಕ್ತ ಪರೀಕ್ಷೆಯಿಂದ ಅನುಮಾನ ಬರುತ್ತದೆ, ಇನ್ನೊಂದರಿಂದ ಖಚಿತ ಆಗುತ್ತದೆ, ಆಮೇಲೆ ವರ್ಷಗಟ್ಟಲೆ ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ಕೊಡುತ್ತಾ ರಕ್ತ ನೋಡುತ್ತಾ ಇರಬೇಕು. ಕೇಂದ್ರ ಸರ್ಕಾರ 2023ರಲ್ಲಿ ಇದಕ್ಕೆಂದೇ ರಾಷ್ಟ್ರೀಯ ಮಿಷನ್ ಶುರು ಮಾಡಿ 2047ರ ಗುರಿ ಇಟ್ಟುಕೊಂಡಿದೆ. ಒಳ್ಳೆಯದು. ಆದರೆ ಆ ಮಗುವನ್ನು 2047ರ ತನಕ ನೋಡಿಕೊಳ್ಳುವ ಡಾಕ್ಟರು ಯಾರು? ಮೈಸೂರಿನ ದೊಡ್ಡ ಆಸ್ಪತ್ರೆಯ ರಕ್ತದ ತಜ್ಞರಂತೂ ತಿಂಗಳು ತಿಂಗಳು ಹಾಡಿಗೆ ಬರಲು ಆಗುವುದಿಲ್ಲ. ಬಸ್ಸಿಗೆ ದುಡ್ಡು ಹೊಂದಿಸಿ, ಕೂಲಿ ಬಿಟ್ಟು, ಭಾಷೆ ಸರಿಯಾಗಿ ಗೊತ್ತಿಲ್ಲದ ಊರಿಗೆ ಆ ತಾಯಿಯೂ ತಿಂಗಳು ತಿಂಗಳು ಹೋಗಲಾರಳು. ಇಲ್ಲಿ ಬೇಕಾದ್ದು ತಾಲ್ಲೂಕಿನಲ್ಲೇ ಇರುವ, ಈ ಕಾಯಿಲೆಯನ್ನು ಚೆನ್ನಾಗಿ ಬಲ್ಲ, ಆ ಮನೆಯವರನ್ನು ಹೆಸರು ಹಿಡಿದು ಕರೆಯುವ ಒಬ್ಬ ಡಾಕ್ಟರು.

ಇದೇ ಕಾಡಂಚಿನಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು, 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿ ಎಚ್.ಡಿ. ಕೋಟೆಯಲ್ಲಿ ನೆಲೆ ನಿಂತರು. ಅವರಿಂದ ಕಲಿಯುವುದು ಬೇಕಾದಷ್ಟಿದೆ. ಆದರೆ ಒಂದು ರಾಜ್ಯದ ಆರೋಗ್ಯ ವ್ಯವಸ್ಥೆ ಅಂಥ ಕೆಲವೇ ಜನರ ತ್ಯಾಗದ ಮೇಲೆ ನಿಲ್ಲಬಾರದು. ಸಾಮಾನ್ಯ ಮನೆಯಿಂದ ಬಂದ, ಸಂಸಾರ ಇರುವ, ಸಾಲ ತೀರಿಸಬೇಕಾದ ಸಾಧಾರಣ ಡಾಕ್ಟರು ಕೂಡ ಅಲ್ಲಿ ಒಳ್ಳೆಯ ಕೆಲಸ ಮಾಡುವಂತಿರಬೇಕು. ಅದಕ್ಕೇ ತರಬೇತಿ ಬೇಕು ಅನ್ನುತ್ತಿರುವುದು.

ಹಾವು ಕಡಿತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಹೇಳುತ್ತಿರುವ ವಿಷಯ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದಕ್ಕೆ ನಿಜವಾಗಿ ಧನ್ಯವಾದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದೆ. ಅದು ಪಿಎಚ್‌ಸಿಯ ಫ್ರಿಜ್ಜಿನಲ್ಲಿ ಇರುತ್ತದೆ, ಇರಬೇಕು. ಮಂಡಲದ ವಿಷ ರಕ್ತಕ್ಕೆ ಏರಿದೆಯಾ ಅಂತ ನೋಡಲು ದೊಡ್ಡ ಮಿಷನ್ ಬೇಡ. ಶುಚಿಯಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಟ್ಯೂಬ್ ಬಗ್ಗಿಸಿ ನೋಡುವುದು. ಹೆಪ್ಪುಗಟ್ಟಿಲ್ಲ ಅಂದರೆ ಮದ್ದು ಶುರು ಮಾಡುವುದು. ಮದ್ದಿನಿಂದ ಕೆಲವರಿಗೆ ಮೈ ತುಂಬ ದದ್ದು, ಉಬ್ಬಸ, ಬಿಪಿ ಇಳಿಯುವುದು ಆಗಬಹುದು. ಆಗ ತೊಡೆಗೆ ಅಡ್ರಿನಲಿನ್ ಕೊಡಬೇಕು. ಇಷ್ಟು ಕೆಲಸ ಪಿಎಚ್‌ಸಿಯಲ್ಲಿ ಆಗುತ್ತದೆ. ಉಸಿರಾಟಕ್ಕೆ ತೊಂದರೆ ಕೊಡುವ ನಾಗರ, ಕಟ್ಟುಹಾವಿನ ಕಡಿತದಲ್ಲಿ ಮೊದಲ ಡೋಸ್ ಕೊಟ್ಟು, ಉಸಿರು ಕಾಯ್ದುಕೊಂಡು, ವೆಂಟಿಲೇಟರ್ ಇರುವ ಕಡೆಗೆ ಜೊತೆಯಲ್ಲಿ ಸ್ಟಾಫ್ ಇಟ್ಟು ಕಳಿಸಬೇಕು.

ಆದರೆ ಎಷ್ಟೋ ಕಡೆ ಏನಾಗುತ್ತದೆ? ಮದ್ದು ಇದ್ದರೂ "ಜಿಲ್ಲಾಸ್ಪತ್ರೆಗೆ ಹೋಗಿ" ಅಂತ ಚೀಟಿ ಬರೆಯುತ್ತಾರೆ. ಆ ಡಾಕ್ಟರು ಸೋಮಾರಿ ಅಂತ ನಾನು ಹೇಳುವುದಿಲ್ಲ. 24–25 ವರ್ಷದ ಹುಡುಗ ಅಥವಾ ಹುಡುಗಿ, ರಾತ್ರಿ ಹೊತ್ತು, ಪಕ್ಕದಲ್ಲಿ ಒಬ್ಬರೇ ನರ್ಸ್, ಹೊರಗಡೆ ಐವತ್ತು ಜನ ಸಿಟ್ಟಿನಲ್ಲಿ ನಿಂತಿದ್ದಾರೆ. ಓದುವಾಗ ಅಡ್ರಿನಲಿನ್ ಅನ್ನು ತಾನೇ ನಿರ್ಧರಿಸಿ ಒಂದು ಸಲವೂ ಕೊಟ್ಟಿಲ್ಲ, ಯಾವಾಗಲೂ ಮೇಲಿನವರು ಕೊಡುವುದನ್ನು ಹಿಂದೆ ನಿಂತು ನೋಡಿದ್ದು. ಭಯ ಆಗದೆ ಇರುತ್ತದಾ? ಆ ಭಯದ ಬೆಲೆಯನ್ನು ಕಟ್ಟುವವರು ಹೊಲದಲ್ಲಿ ಹಾವು ಕಚ್ಚಿಸಿಕೊಂಡ ರೈತ, ಕೂಲಿಕಾರ. ಆ ಮಕ್ಕಳು ಆರು ತಿಂಗಳು ಒಬ್ಬ ಅನುಭವಿ ಡಾಕ್ಟರ ಜೊತೆ ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೂತು, ತಾವೇ ಕೈಯಾರೆ ಮಾಡಿ ಕಲಿತಿದ್ದರೆ ಆ ಚೀಟಿಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ.

ಈಗ ಗುಳೆಯ ವಿಷಯ. ರಾಯಚೂರು, ಯಾದಗಿರಿ, ಕಲಬುರಗಿಯ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಸಂಸಾರ ಸಮೇತ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವವರನ್ನು ಯೋಚಿಸಿ. ಅದರಲ್ಲಿ ಐದು ತಿಂಗಳ ಬಸುರಿ ಇರುತ್ತಾಳೆ, ಟಿಬಿಗೆ ಆರು ತಿಂಗಳ ಮಾತ್ರೆಯಲ್ಲಿ ಎರಡು ತಿಂಗಳು ಮುಗಿಸಿದವನು ಇರುತ್ತಾನೆ, ಬಿಪಿ ಮಾತ್ರೆ ತಗೊಳ್ಳುವ ಅತ್ತೆ ಇರುತ್ತಾಳೆ. ಅವರು ಹೊರಡುವ ಮುಂಚೆ ಬಿಪಿ ಮಾತ್ರೆಯನ್ನು ಒಟ್ಟಿಗೆ ಮೂರು ತಿಂಗಳಿಗೆ ಕೊಡಬಹುದಾ, ಟಿಬಿ ರೋಗಿಯನ್ನು ಹೋಗುವ ಊರಿನ ಕೇಂದ್ರಕ್ಕೆ ಹೇಗೆ ವರ್ಗಾಯಿಸುವುದು, ತಾಯಿ ಕಾರ್ಡ್‌ನಲ್ಲಿ ಏನೇನು ಸ್ಪಷ್ಟವಾಗಿ ಬರೆದುಕೊಟ್ಟರೆ ಕಟ್ಟಡದ ಶೆಡ್ಡಿನ ಪಕ್ಕದ ಆಸ್ಪತ್ರೆಯಲ್ಲಿ ಆಕೆಗೆ ಉಪಯೋಗ ಆಗುತ್ತದೆ? ಇವೆಲ್ಲ ವೈದ್ಯಕೀಯವೇ. ರೋಗಿ ಊರು ಬಿಟ್ಟು ಹೋದರೂ ಚಿಕಿತ್ಸೆ ನಿಲ್ಲದ ಹಾಗೆ ನೋಡಿಕೊಳ್ಳುವುದು ಡಾಕ್ಟರ ಕೆಲಸವೇ ಅಲ್ವಾ? ಯಾವ ವಾರ್ಡ್ ರೌಂಡಿನಲ್ಲಿ ಇದನ್ನು ಹೇಳಿಕೊಡುತ್ತಾರೆ? ಇದನ್ನು ಚೆನ್ನಾಗಿ ಬಲ್ಲವರು ಆ ಊರಿನ ಆಶಾ ಕಾರ್ಯಕರ್ತೆ. ಯಾರು ಯಾವಾಗ ಹೋಗುತ್ತಾರೆ, ಯಾವಾಗ ವಾಪಸ್ ಬರುತ್ತಾರೆ, ಯಾವ ಮೇಸ್ತ್ರಿ ಕರೆದುಕೊಂಡು ಹೋಗುತ್ತಾನೆ, ಎಲ್ಲ ಆಕೆಗೆ ಗೊತ್ತು. ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ ಆಕೆಯ ಪಕ್ಕದಲ್ಲಿ ಕೂತು ಕಲಿಯಬೇಕು. ಹಾಗೆ ಕಲಿಸಿದ್ದಕ್ಕೆ ಆಕೆಗೆ ಗೌರವಧನವೂ ಸಿಗಬೇಕು.

ಅದೇ ಕುಟುಂಬ ಬೆಂಗಳೂರಿಗೆ ಬಂದ ಮೇಲೆ ಸಿಗುವುದು 'ನಮ್ಮ ಕ್ಲಿನಿಕ್'. 2022ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು ಒಳ್ಳೆಯ ಹೆಜ್ಜೆ. ಅಲ್ಲಿಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಬರುತ್ತಾರೆ, ಉರಿಮೂತ್ರ ಅಂತ. ಟಾರ್ಗೆಟ್ ಮುಗಿಸುವ ಒತ್ತಡದಲ್ಲಿ ಶೌಚಾಲಯಕ್ಕೆ ಏಳಲು ಆಗದೆ ದಿನವಿಡೀ ನೀರೇ ಕುಡಿಯದೆ ಇರುತ್ತಾರೆ. ಮಾತ್ರೆ ಬರೆಯುವುದು ಐದು ನಿಮಿಷದ ಕೆಲಸ. ಯಾಕೆ ಮತ್ತೆ ಮತ್ತೆ ಬರುತ್ತದೆ ಅಂತ ಕೇಳಿ ತಿಳಿಯಲು ಬೇರೆ ತರದ ಕಲಿಕೆ ಬೇಕು.

ಭಾಷೆಯ ಮಾತಿಗೆ ಬರೋಣ. ಕಾಲೇಜುಗಳಲ್ಲಿ ಮೊದಲ ವರ್ಷ ಹೊರ ರಾಜ್ಯದ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಬೇಕು. ಆದರೆ ಬೆಂಗಳೂರಿನಲ್ಲೇ ಬೆಳೆದ ಕನ್ನಡದ ಹುಡುಗನಿಗೂ ರಾಯಚೂರಿನ ಅಜ್ಜಿ "ಹೊಟ್ಟ್ಯಾಗ ಸಂಕಟ ಆಗಾಕತ್ತೈತಿ" ಅಂದರೆ ಅದು ಎದೆನೋವೋ, ಹೊಟ್ಟೆನೋವೋ, ಮನಸ್ಸಿನ ಬೇನೆಯೋ ಅಂತ ಒಂದೇ ಸಲಕ್ಕೆ ಗೊತ್ತಾಗುವುದಿಲ್ಲ. ತಾಂಡಾದಲ್ಲಿ ಲಂಬಾಣಿ, ಬೀದರಿನಲ್ಲಿ ದಖನಿ ಉರ್ದು, ಕರಾವಳಿಯಲ್ಲಿ ತುಳು, ಬ್ಯಾರಿ, ಪಾವಗಡದಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ. ಒಬ್ಬರೇ ಡಾಕ್ಟರು ಇಷ್ಟೂ ಕಲಿಯಲಾರರು, ಆದರೆ ತಾನು ಕೆಲಸ ಮಾಡುವ ತಾಲ್ಲೂಕಿನ ಜನ ಮೈ-ಮನಸ್ಸಿನ ಕಷ್ಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಅನ್ನುವುದನ್ನು ಮೂರು ವರ್ಷ ಅಲ್ಲೇ ಇದ್ದರೆ ಕಲಿತೇ ಕಲಿಯುತ್ತಾರೆ. ಹೆಣ್ಣುಮಕ್ಕಳು ಬಿಳಿ ಮುಟ್ಟಿನ ವಿಷಯವನ್ನು, ಮನೆಯಲ್ಲಿ ತಿನ್ನುವ ಹೊಡೆತದ ವಿಷಯವನ್ನು ಮೊದಲ ದಿನವೇ ಹೇಳುವುದಿಲ್ಲ. ಅವರು "ಸುಸ್ತು" ಅಂತ ಬರುತ್ತಾರೆ. ನಾಲ್ಕನೇ ಸಲ ಬಂದಾಗಲೂ ಅದೇ ಡಾಕ್ಟರು ಇದ್ದರೆ ಆಮೇಲೆ ಹೇಳುತ್ತಾರೆ.

ಮನಸ್ಸಿನ ಕಾಯಿಲೆಯ ಮಾತು ಬಂತು, ಅದಕ್ಕೇ ಇದನ್ನು ಹೇಳಲೇಬೇಕು. ಹಳ್ಳಿಯ ಡಾಕ್ಟರಿಗೆ ಹಳ್ಳಿಯಲ್ಲೇ ಬಳಕೆಗೆ ಬರುವ ಹಾಗೆ ಕಲಿಸುವುದು ಹೇಗೆ ಅಂತ ದೇಶಕ್ಕೆ ತೋರಿಸಿದ್ದು ಕರ್ನಾಟಕವೇ. 1970ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರ ಮಾಡಿ ಪಿಎಚ್‌ಸಿ ಡಾಕ್ಟರು, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿದರು. 1980ರ ದಶಕದಲ್ಲಿ ಅದನ್ನು ಬಳ್ಳಾರಿ ಜಿಲ್ಲೆಗೆ ಒಯ್ದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ ಆಯಿತು. ಮನೋವೈದ್ಯರ ಸಂಖ್ಯೆ ಹೆಚ್ಚುವ ತನಕ ಕಾಯಬೇಕಾಗಿಲ್ಲ, ಅಲ್ಲಿರುವ ಡಾಕ್ಟರಿಗೇ ಕಲಿಸಬಹುದು ಅಂತ ನಮ್ಮ ನೆಲದಲ್ಲೇ ಮಾಡಿ ತೋರಿಸಿದ್ದು. ಮನಸ್ಸಿನ ಕಾಯಿಲೆಗೆ ಆಗಿದ್ದು ಸಕ್ಕರೆ ಕಾಯಿಲೆಗೆ, ಬಿಪಿಗೆ, ಹೆರಿಗೆಗೆ, ಮಕ್ಕಳ ಕಾಯಿಲೆಗೆ ಯಾಕೆ ಆಗಬಾರದು?

ನಾನು ಹೊಸದೇನೂ ಕೇಳುತ್ತಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲೇ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟ ಭೋರ್ ಸಮಿತಿ ಜನರ ನಡುವೆ ಕೆಲಸ ಮಾಡಬಲ್ಲ ಡಾಕ್ಟರನ್ನು ತಯಾರು ಮಾಡಿ ಅಂದಿತು. 2002ರ ರಾಷ್ಟ್ರೀಯ ಆರೋಗ್ಯ ನೀತಿ, ಪಿಜಿ ಸೀಟುಗಳಲ್ಲಿ ಕಾಲುಭಾಗ ಸಾರ್ವಜನಿಕ ಆರೋಗ್ಯ ಮತ್ತು ಫ್ಯಾಮಿಲಿ ಮೆಡಿಸಿನ್‌ಗೆ ಸಿಗುವಂತಾಗಬೇಕು ಅಂತ ಬರೆಯಿತು. ಕಾಲುಭಾಗ! 2016ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಹೇಳಿತು, 2017ರ ಆರೋಗ್ಯ ನೀತಿ ಹೇಳಿತು, 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ಫ್ಯಾಮಿಲಿ ಮೆಡಿಸಿನ್ ಪಿಜಿ ಕೋರ್ಸುಗಳನ್ನು ಬೆಳೆಸಬೇಕು ಅನ್ನುವ ಮಾತು ಕಾನೂನಾಗಿಯೇ ಬಂತು. ಪಕ್ಕದ ಕೇರಳದ ಕೋಝಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಫ್ಯಾಮಿಲಿ ಮೆಡಿಸಿನ್ ಎಂಡಿ ಶುರುವಾಗಿ ಎಷ್ಟೋ ವರ್ಷ ಆಯಿತು. ವೆಲ್ಲೂರಿನ ಸಿಎಂಸಿಯಲ್ಲಿ ವಿಭಾಗವೂ ಇದೆ, ಕೆಲಸದಲ್ಲಿರುವ ಡಾಕ್ಟರುಗಳಿಗೆ ದೂರಶಿಕ್ಷಣದ ಎರಡು ವರ್ಷದ ಡಿಪ್ಲೊಮಾವೂ ಇದೆ. ಹಾಗಿರುವಾಗ ಇಷ್ಟೊಂದು ಮೆಡಿಕಲ್ ಕಾಲೇಜು ಇರುವ ನಾವು ಯಾಕೆ ಹಿಂದೆ ನಿಲ್ಲಬೇಕು?

"ಕಮ್ಯುನಿಟಿ ಮೆಡಿಸಿನ್ ವಿಭಾಗ ಇದೆಯಲ್ಲ" ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ, ಆ ವಿಭಾಗದ ಮೇಲೆ ನನಗೆ ಗೌರವವೂ ಇದೆ. ಅವರ ಕಣ್ಣು ಇಡೀ ಸಮುದಾಯದ ಮೇಲೆ ಇರುತ್ತದೆ: ಲಸಿಕೆ, ನೀರು, ಸಾಂಕ್ರಾಮಿಕ ರೋಗ, ಲೆಕ್ಕ, ಸಮೀಕ್ಷೆ. ಎದುರಿಗೆ ಕೂತ ಒಬ್ಬ ರೋಗಿಯನ್ನು ಮುಟ್ಟಿ ನೋಡಿ, ಮಾತ್ರೆ ಕೊಟ್ಟು, ಹೊಲಿಗೆ ಹಾಕಿ, ಹೆರಿಗೆ ಮಾಡಿಸಿ, ಹತ್ತು ವರ್ಷ ನೋಡಿಕೊಳ್ಳುವುದು ಬೇರೆ ಕೆಲಸ. ಎರಡೂ ಬೇಕು. ಎಂಬಿಬಿಎಸ್ ಮಕ್ಕಳು ಕುಟುಂಬಗಳನ್ನು ದತ್ತು ತೆಗೆದುಕೊಳ್ಳುವ ಕಾರ್ಯಕ್ರಮ 2022ರಿಂದ ಬಂದಿದೆ. ಒಳ್ಳೆಯ ಯೋಚನೆ. ಆದರೆ ಕಲಿಸುವ ಡಾಕ್ಟರು ಆ ಊರಲ್ಲೇ ಇಲ್ಲದಿದ್ದರೆ ಅದು ಬಸ್ಸಿನಲ್ಲಿ ಬಂದು, ಬಿಪಿ ನೋಡಿ, ಫಾರಂ ತುಂಬಿ, ಊಟದ ಹೊತ್ತಿಗೆ ವಾಪಸ್ ಹೋಗುವ ಕೆಲಸವಾಗಿಬಿಡುತ್ತದೆ. ನಾನು ಹಾಗೆ ಆಗಿದ್ದನ್ನು ನೋಡಿದ್ದೇನೆ. ಆ ಮಕ್ಕಳಿಗೂ ಬೇಸರ, ಆ ಮನೆಯವರಿಗೂ ಬೇಸರ.

ಇನ್ನು ಕಡ್ಡಾಯ ಗ್ರಾಮೀಣ ಸೇವೆ. 2012ರಲ್ಲಿ ನಮ್ಮ ರಾಜ್ಯ ಅದಕ್ಕೆ ಕಾನೂನನ್ನೇ ಮಾಡಿತು. ಆಗ ಕಾನೂನಿನ ಹೆಸರಿನಲ್ಲಿ ತರಬೇತಿ ಅನ್ನುವ ಮಾತೂ ಇತ್ತು. ಆದರೆ ಕಲಿಸುವವರು ಯಾರು ಅನ್ನುವ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಈಗಷ್ಟೇ ಪಾಸಾದವರನ್ನು ಒಂಟಿಯಾಗಿ ಕಳಿಸಿ, ಒಂದು ವರ್ಷ ಆದ ಮೇಲೆ ಬಿಟ್ಟು ಕಳಿಸಿದರೆ ಜನರಿಗೆ ಸಿಗುವುದು ಪ್ರತಿ ವರ್ಷ ಹೊಸ ಡಾಕ್ಟರು. ನಾರ್ವೆಯಲ್ಲಿ ಇತ್ತೀಚೆಗೆ ಮಾಡಿದ ದೊಡ್ಡ ಅಧ್ಯಯನ ಒಂದರಲ್ಲಿ, 15 ವರ್ಷಕ್ಕೂ ಮೇಲೆ ಒಬ್ಬರೇ ಫ್ಯಾಮಿಲಿ ಡಾಕ್ಟರು ಇದ್ದವರು, ಒಂದೇ ವರ್ಷದ ಪರಿಚಯ ಇದ್ದವರಿಗಿಂತ ಸುಮಾರು ಕಾಲುಭಾಗ ಕಡಿಮೆ ಸಾವು, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಕಡಿಮೆ ಆಸ್ಪತ್ರೆ ದಾಖಲಾತಿ ಕಂಡರು. ಬಿಪಿ, ಶುಗರ್ ಇರುವ ನಮ್ಮ ರೋಗಿಗಳಿಗೆ ಇದು ಇನ್ನೂ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅವರೆಲ್ಲ ತಜ್ಞರ ಹತ್ತಿರ ಹೋಗಲು ಆಗುತ್ತದಾ? 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆ ಬಾಗಿಲಿಗೆ ಹೋಗಿ ಕಾಯಿಲೆ ಪತ್ತೆ ಮಾಡುತ್ತಿದ್ದೀರಿ, ಪತ್ತೆ ಆದವರನ್ನು ಮುಂದಿನ ಇಪ್ಪತ್ತು ವರ್ಷ ನೋಡಿಕೊಳ್ಳುವವರನ್ನೂ ತಯಾರು ಮಾಡಬೇಕಲ್ಲವೇ?

ಯಾರಿಗೆ ಡಾಕ್ಟರ ಅಗತ್ಯ ಜಾಸ್ತಿ ಇದೆಯೋ ಅವರಿಗೇ ಡಾಕ್ಟರು ಸಿಗುವುದು ಕಡಿಮೆ ಅಂತ 1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಬರೆದರು. ಅವರು ವೇಲ್ಸ್‌ನ ಒಂದು ಗಣಿ ಕಾರ್ಮಿಕರ ಊರಿನ ಜಿಪಿ (ಎಲ್ಲ ಕಾಯಿಲೆಗೂ ಜನ ಮೊದಲು ಹೋಗುವ ಸಾಮಾನ್ಯ ವೈದ್ಯರು) ಆಗಿದ್ದರು. ಅಂಥ ಎಷ್ಟೋ ಗಣಿ ಊರುಗಳಲ್ಲಿ, ಬ್ರಿಟಿಷ್ ಡಾಕ್ಟರುಗಳು ಹೋಗಲು ಒಪ್ಪದ ಬಡ ಬಡಾವಣೆಗಳಲ್ಲಿ ದಶಕಗಳ ಕಾಲ ಜಿಪಿಗಳಾಗಿ ದುಡಿದವರಲ್ಲಿ ಭಾರತದಲ್ಲಿ ಓದಿದ ಡಾಕ್ಟರುಗಳು ತುಂಬ ಜನ. ಇವತ್ತು ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಇರುವ ಕನ್ನಡದ ಗೆಳೆಯರನ್ನು ಕೇಳಿ ನೋಡಿ, ಕಾಯಿಲೆ ಬಂದರೆ ಅವರು ಮೊದಲು ಹೋಗುವುದು ತಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ, ಆ ಡಾಕ್ಟರು ಅದಕ್ಕೆಂದೇ ಬೇರೆ ತರಬೇತಿ ಪಡೆದಿರುತ್ತಾರೆ.

ಹೇಗೆ ಮಾಡಬಹುದು ಅಂತ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಪಿಜಿಗೆ ಸೇರಿದವರಿಗೆ ಮೊದಲ ದಿನವೇ ಒಂದು ಪಿಎಚ್‌ಸಿ ಕೊಡಿ. ಮಕ್ಕಳ ವಿಭಾಗ, ಹೆರಿಗೆ, ಎಮರ್ಜೆನ್ಸಿ ಅಂತ ಎಲ್ಲೇ ಪೋಸ್ಟಿಂಗ್ ಇರಲಿ, ವಾರಕ್ಕೆ ಒಂದು ದಿನ ಅದೇ ಪಿಎಚ್‌ಸಿಯ ಒಪಿಡಿಯಲ್ಲಿ ಕೂರಬೇಕು. ಮೂರು ವರ್ಷ, ಅದೇ ಊರು, ಅದೇ ಮನೆಗಳು. ಬಸುರಿಯಾಗಿ ಬಂದವಳ ಮಗು ನಡೆಯುವುದನ್ನು, ಮಾತಾಡುವುದನ್ನು ಅವರು ನೋಡಬೇಕು. ಎರಡನೇ ವರ್ಷದಿಂದ ಹೆಚ್ಚು ಕಾಲ ತಾಲ್ಲೂಕು ಆಸ್ಪತ್ರೆಯಲ್ಲೇ. ಅಲ್ಲಿ ಉಳಿಯಲು ಕ್ವಾರ್ಟರ್ಸ್ ಬೇಕು, ಬಾಗಿಲು ಭದ್ರವಾಗಿರುವ, ನೀರು ಬರುವ ಕ್ವಾರ್ಟರ್ಸ್. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ, ರಾತ್ರಿ ಡ್ಯೂಟಿ ಮಾಡುವ ಹೆಣ್ಣುಮಕ್ಕಳು ಉಳಿಯುತ್ತಾರೋ ಬಿಡುತ್ತಾರೋ ಅನ್ನುವುದು ಇದರ ಮೇಲೇ ನಿಂತಿದೆ.

ಕಲಿಸುವವರ ವಿಷಯ ಎಲ್ಲಕ್ಕಿಂತ ಮುಖ್ಯ. ಇಪ್ಪತ್ತು, ಇಪ್ಪತ್ತೈದು ವರ್ಷದಿಂದ ತಾಲ್ಲೂಕಿನಲ್ಲಿ ರೋಗಿ ನೋಡುತ್ತಿರುವ ಸರ್ಕಾರಿ ಡಾಕ್ಟರುಗಳಿದ್ದಾರೆ, ಸ್ವಂತ ಕ್ಲಿನಿಕ್ ಇಟ್ಟುಕೊಂಡ ಒಳ್ಳೆಯ ಜಿಪಿಗಳಿದ್ದಾರೆ. ಅವರಿಗೆ ಗೊತ್ತಿರುವುದು ಕಾಲೇಜಿನ ಎಷ್ಟೋ ಪ್ರೊಫೆಸರುಗಳಿಗೆ ಗೊತ್ತಿಲ್ಲ. ಅವರು ಪಾಠ ಮಾಡುವಂತಾಗಬೇಕು. ಅದಕ್ಕೆ ಆರೋಗ್ಯ ಇಲಾಖೆಯ ಡಾಕ್ಟರು ಕಾಲೇಜಿನ ಅರೆಕಾಲಿಕ ಅಧ್ಯಾಪಕರೂ ಆಗಿರಬಹುದು ಅನ್ನುವ ಆದೇಶ ಬೇಕು. ಇದಕ್ಕೇ ನಿಮ್ಮಿಬ್ಬರ ಸಹಿ ಒಟ್ಟಿಗೆ ಬೇಕಾಗಿರುವುದು. ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಅಡ್ಡ ಬಂದರೆ ರಾಜ್ಯವೇ ಹೋಗಿ ಕೇಳಬೇಕು. ಎಂಬಿಬಿಎಸ್‌ಗೆ ಕಡ್ಡಾಯವಾದ ವಿಭಾಗಗಳ ಪಟ್ಟಿಗೆ ಫ್ಯಾಮಿಲಿ ಮೆಡಿಸಿನ್ ಸೇರಿಸಿ ಅಂತಲೂ ಕೇಳಬೇಕು. ಹೊಸ ಹುಡುಗರಿಗೆ ಮೊದಲ ವರ್ಷದಿಂದಲೇ ಇಂಥ ಡಾಕ್ಟರು ಕಣ್ಣಿಗೆ ಬೀಳದೆ ಹೋದರೆ, ನಾನೂ ಹಾಗೆ ಆಗಬೇಕು ಅಂತ ಯಾರಿಗೆ ಅನ್ನಿಸುತ್ತದೆ?

ಸೀಟು ತುಂಬುವುದಿಲ್ಲ ಅನ್ನುತ್ತೀರಾ? ಓದಿದ ಮೇಲೆ ಯಾವ ಹುದ್ದೆ ಅಂತ ಸ್ಪಷ್ಟ ಇಲ್ಲದ ಕೋರ್ಸಿಗೆ ಯಾರು ಸೇರುತ್ತಾರೆ? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಫ್ಯಾಮಿಲಿ ಮೆಡಿಸಿನ್ ತಜ್ಞರ ಹುದ್ದೆ ಮಾಡಿ, ಉಳಿದ ತಜ್ಞರ ಸಂಬಳವನ್ನೇ ಕೊಡಿ, ಬಡ್ತಿ ಇರಲಿ. ಸೇವೆಯಲ್ಲಿರುವ ಪಿಎಚ್‌ಸಿ ಡಾಕ್ಟರುಗಳಿಗೆ ಪಿಜಿಯಲ್ಲಿ ಇರುವ ಕೋಟಾದಲ್ಲಿ ಈ ವಿಷಯಕ್ಕೂ ಜಾಗ ಮಾಡಿಕೊಡಿ. ಹಳ್ಳಿಯಲ್ಲಿ ಬೆಳೆದ ಮಕ್ಕಳು ಓದಿ ಹಳ್ಳಿಯಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ ಅನ್ನುವುದು ಎಷ್ಟೋ ದೇಶಗಳಲ್ಲಿ ಕಂಡ ಸತ್ಯ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಶಿಫಾರಸು ಮಾಡುತ್ತದೆ. ಹಾಡಿಯ, ತಾಂಡಾದ, ಗುಳೆ ಹೋಗುವ ಮನೆಯ ಮಕ್ಕಳು ಎಂಬಿಬಿಎಸ್‌ವರೆಗೆ ಬಂದಿದ್ದರೆ ಅವರನ್ನು ಹುಡುಕಿ ಈ ಕಡೆಗೆ ಕರೆಯಿರಿ. ಅವರಿಗೆ ಅರ್ಧ ಪಾಠ ಮೊದಲೇ ಗೊತ್ತಿರುತ್ತದೆ.

ಎಲ್ಲ ಕಡೆ ಒಟ್ಟಿಗೆ ಶುರು ಮಾಡಲು ಆಗದಿದ್ದರೆ ರಾಯಚೂರು, ಚಾಮರಾಜನಗರ, ಶಿವಮೊಗ್ಗ, ಈ ಮೂರು ಸರ್ಕಾರಿ ಕಾಲೇಜುಗಳಿಂದ ಶುರು ಮಾಡಿ. ಗುಳೆಯ ನಾಡು, ಹಾಡಿಗಳ ನಾಡು, ಮಲೆನಾಡು. ಮೂರರ ಕಷ್ಟಗಳೂ ಬೇರೆ ಬೇರೆ, ಹಾಗಾಗಿ ಪಠ್ಯವೂ ಅಲ್ಲಲ್ಲಿಗೆ ತಕ್ಕ ಹಾಗೆ ಬದಲಾಗಲೇಬೇಕಾಗುತ್ತದೆ. ಪ್ರತಿ ಕಾಲೇಜಿಗೂ ಎರಡು ತಾಲ್ಲೂಕು ಆಸ್ಪತ್ರೆ, ಆರೆಂಟು ಪಿಎಚ್‌ಸಿ ಜೋಡಿಸಿ. ಬಜೆಟ್ ಪೂರ್ವ ಸಭೆಗಳಲ್ಲಿ ಈ ವಿಷಯ ಇಡಿ, ಅಲ್ಲಿಗೆ ತಾಲ್ಲೂಕು ಡಾಕ್ಟರುಗಳನ್ನೂ, ಆಶಾ ಕಾರ್ಯಕರ್ತೆಯರನ್ನೂ, ಹಾಡಿ-ತಾಂಡಾಗಳ ಮುಖಂಡರನ್ನೂ ಕರೆಯಿರಿ. ಕರೆದರೆ ಒಪಿಡಿ ಮುಗಿಸಿ ರಾತ್ರಿ ಬಸ್ಸಿಗೆ ಹೊರಟು ಬರುತ್ತೇನೆ. ನಾನು ಕೆಲಸ ಮಾಡುವ ಕಡೆಗೆ ಇಬ್ಬರು ಪಿಜಿ ವಿದ್ಯಾರ್ಥಿಗಳನ್ನು ಕಳಿಸಿಕೊಟ್ಟರೆ ಅವರಿಗೆ ಕಲಿಸುವ ಜವಾಬ್ದಾರಿಯನ್ನು ಈ ವರ್ಷವೇ ಹೊರಲು ಸಿದ್ಧಳಿದ್ದೇನೆ.

ಇಂತಿ ವಿಶ್ವಾಸಿ,
ತಾಲ್ಲೂಕಿನ ಒಬ್ಬ ವೈದ್ಯೆ